ಹೆಜಿಮನಿ: ಮುಂದಾಳು ಯಜಮಾನನಾದ ಕಥೆ

(ತೆರೆಯ ಮೇಲೆ: ಅಕ್ಷರ ಕೆತ್ತಿದ ಅಮೃತಶಿಲೆ, ತೀರಾ ಹತ್ತಿರದಿಂದ)

ಈ ಕಲ್ಲನ್ನು ಸ್ವಲ್ಪ ನೋಡಿ. ಒಡೆದ ಚೂರುಗಳನ್ನು ಜೋಡಿಸಿ ನಿಲ್ಲಿಸಿದ್ದಾರೆ. ಎತ್ತರ ಸುಮಾರು ಮೂರೂವರೆ ಮೀಟರ್. ಮೈತುಂಬ ಊರುಗಳ ಹೆಸರು, ಪಕ್ಕದಲ್ಲಿ ಹಣದ ಲೆಕ್ಕ. ಅಥೆನ್ಸ್‌ಗೆ ಬಂದ ಕಪ್ಪದಲ್ಲಿ 60ರಲ್ಲೊಂದು ಪಾಲು ಅಥೀನಾ ದೇವಿಗೆ ಸಲ್ಲುತ್ತಿತ್ತು. ಇದು ಆ ಪಾಲಿನ ಪಟ್ಟಿ. ಹೆಜಿಮನಿ ಅಂದರೆ ಏನು ಅಂತ ತಿಳಿಯಲು ನಿಘಂಟಿಗಿಂತ ಈ ಕಲ್ಲೇ ವಾಸಿ.

ಗ್ರೀಕರಿಗೆ 'ಹೆಗೆಮೋನ್' ಅಂದರೆ ಮುಂದೆ ನಡೆಯುವವನು, ದಾರಿ ತೋರುವವನು. ಅವನ ಮುಂದಾಳ್ತನವೇ 'ಹೆಗೆಮೋನಿಯಾ'. ಹೆಜಿಮನಿ ಪದ ಬಂದದ್ದು ಇದರಿಂದಲೇ. ಬೈಗುಳವೇನಲ್ಲ.

(ನಕ್ಷೆ: ಏಜಿಯನ್ ಸಮುದ್ರ, ಡೆಲೋಸ್ ದ್ವೀಪ)

ಕ್ರಿ.ಪೂ. 478. ಪರ್ಷಿಯನ್ನರ ಭಯ ಇನ್ನೂ ಹೋಗಿರಲಿಲ್ಲ. ಗ್ರೀಕ್ ಊರುಗಳು ಸೇರಿ ಒಕ್ಕೂಟ ಕಟ್ಟಿದವು. ನೀವೇ ಮುಂದೆ ನಿಲ್ಲಿ ಎಂದು ಅಥೆನ್ಸನ್ನು ಕೇಳಿಕೊಂಡವು. ಕೆಲವರು ಹಡಗು ಕೊಟ್ಟರು, ಉಳಿದವರು ಹಣ. ಮೊದಲು ಗೊತ್ತುಮಾಡಿದ ವಂತಿಗೆ 460 ಟ್ಯಾಲೆಂಟ್ (ಗ್ರೀಕರ ತೂಕದ ಅಳತೆ) ಎನ್ನುತ್ತಾನೆ ಇತಿಹಾಸಕಾರ ಥ್ಯುಸಿಡಿಡೀಸ್. ಬೆಳ್ಳಿಯ ಲೆಕ್ಕದಲ್ಲಿ ಹೆಚ್ಚುಕಮ್ಮಿ 12 ಟನ್! ಖಜಾನೆ ಇದ್ದದ್ದು ಡೆಲೋಸ್‌ನಲ್ಲಿ.

ಆಮೇಲೆ ನಾಕ್ಸೋಸ್ ದ್ವೀಪದವರು ಸಾಕಪ್ಪಾ ಎಂದು ಹೊರಟರು. ಅಥೆನ್ಸ್ ಮುತ್ತಿಗೆ ಹಾಕಿ ವಾಪಸ್ ಎಳೆದು ತಂದಿತು. ಥಾಸೋಸ್ ದ್ವೀಪವೂ ತಿರುಗಿಬಿತ್ತು. ಎರಡು ವರ್ಷಕ್ಕೂ ಜಾಸ್ತಿ ಮುತ್ತಿಗೆ. ಕೊನೆಗೆ ಕೋಟೆ ಕೆಡವಿಸಿ, ಹಡಗು ಕಿತ್ತುಕೊಂಡರು. ಕ್ರಿ.ಪೂ. 454ರ ಹೊತ್ತಿಗೆ ಖಜಾನೆಯೇ ಅಥೆನ್ಸ್‌ಗೆ ಬಂತು. ಕಲ್ಲಿನ ಲೆಕ್ಕ ಶುರುವಾಗುವುದು ಅಲ್ಲಿಂದಲೇ. ವಂತಿಗೆ ಕಪ್ಪವಾಗಿತ್ತು. ಇಂಥ ಆಳ್ವಿಕೆಗೆ ಗ್ರೀಕರಲ್ಲಿ ಬೇರೆ ಪದವೇ ಇತ್ತು: 'ಆರ್ಖೆ'. ನಾವು ಈಗ ಎರಡನ್ನೂ ಹೆಜಿಮನಿಯೊಳಗೇ ತುರುಕುತ್ತೇವೆ.

ಮ್ಯಾಸಿಡೋನಿಯಾದ ದೊರೆ ಫಿಲಿಪ್ ಇನ್ನೂ ಜಾಣ. ಗ್ರೀಕರನ್ನು ಯುದ್ಧದಲ್ಲಿ ಸೋಲಿಸಿ, ಕ್ರಿ.ಪೂ. 337ರಲ್ಲಿ ಅವರದೇ ಒಕ್ಕೂಟ ಕಟ್ಟಿಸಿ, ಅದರ 'ಹೆಗೆಮೋನ್' ಆದ. ಒಡೆಯ ಅನ್ನುವುದಕ್ಕಿಂತ ಮುಂದಾಳು ಅಂದರೆ ಕೇಳಲು ಚೆಂದ, ಅಲ್ವಾ?

(ಚಿತ್ರ: ಗ್ರಾಮ್ಶಿ)

ಪದಕ್ಕೆ ಇವತ್ತಿನ ಖಾರ ಬಂದದ್ದು ಇಟಲಿಯ ಮಾರ್ಕ್ಸ್‌ವಾದಿ ಚಿಂತಕ ಆಂಟೋನಿಯೊ ಗ್ರಾಮ್ಶಿಯಿಂದ. 1926ರಲ್ಲಿ ಮುಸೊಲಿನಿ ಸರ್ಕಾರ ಅವನನ್ನು ಹಿಡಿದು ಜೈಲಿಗೆ ಹಾಕಿತು. ಅಲ್ಲೇ ನೋಟ್‌ಬುಕ್ ತುಂಬಿಸುತ್ತಾ ಕೂತ. ಯಾರೂ ಕೋಲು ಎತ್ತದಿದ್ದರೂ ಜನ ಯಾಕೆ ತಲೆಬಾಗುತ್ತಾರೆ ಅನ್ನುವುದು ಅವನನ್ನು ಕಾಡಿದ ಪ್ರಶ್ನೆ. ಶಾಲೆ, ಪತ್ರಿಕೆ, ಚರ್ಚು ಎಲ್ಲ ಸೇರಿ ಆಳುವವರ ಯೋಚನೆಯನ್ನೇ ಎಲ್ಲರ ಯೋಚನೆ ಮಾಡಿಬಿಡುತ್ತವೆ ಎಂದ. 'ಲೋಕ ಇರೋದೇ ಹೀಗೆ' ಅಂತ ಆಳಿಸಿಕೊಳ್ಳುವವರೇ ಹೇಳತೊಡಗಿದರೆ ಕೋಲಿಗೆ ಕೆಲಸ ಕಡಿಮೆ. ಕನ್ನಡದಲ್ಲಿ ಯಜಮಾನಿಕೆ ಅನ್ನುವುದು ಇದನ್ನೇ.

ರಾಜತಾಂತ್ರಿಕರಿಗೆ ಮಾತ್ರ ಪದದ ಹಳೇ ವರಸೆಯೇ ಇಷ್ಟ. 1972ರ ಶಾಂಘೈ ಹೇಳಿಕೆಯಲ್ಲಿ ಅಮೆರಿಕ ಮತ್ತು ಚೀನಾ, ಏಷ್ಯಾ-ಪೆಸಿಫಿಕ್‌ನಲ್ಲಿ ನಮಗೆ ಹೆಜಿಮನಿ ಬೇಡ, ಬೇರೆಯವರು ಹೊರಟರೂ ವಿರೋಧಿಸುತ್ತೇವೆ ಎಂದವು. ಆ 'ಬೇರೆಯವರು' ಸೋವಿಯತ್ ಒಕ್ಕೂಟ ಅಂತ ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ.