ತಂತಿ ಬೇಡ ಎಂದ ಕ್ಯಾಮೆರಾ

ಕೇಳುಗರಿಗೆ ನಮಸ್ಕಾರ.

ಸಾಕ್ಷ್ಯಚಿತ್ರದಲ್ಲಿ ಮಾತಾಡುವವರ ತುಟಿಗೂ ದನಿಗೂ ಹೊಂದಿಕೆಯಿರುವುದು ನಮಗೆ ಸಹಜ ಅನ್ನಿಸುತ್ತದೆ. 1960ರ ದಶಕದಲ್ಲಿ ಬಹುಪಾಲು ಕಡೆ ಅದಕ್ಕೊಂದು ತಂತಿ ಬೇಕಿತ್ತು. ಒಂದು ತುದಿ ಕ್ಯಾಮೆರಾಕ್ಕೆ, ಇನ್ನೊಂದು ಟೇಪ್ ರೆಕಾರ್ಡರ್‌ಗೆ. ಒಬ್ಬ ಓಡಿದರೆ ಇನ್ನೊಬ್ಬನೂ ಓಡಬೇಕು. ಸಂತೆಯ ಗದ್ದಲದಲ್ಲಿ ಯಾರದೋ ಕಾಲಿಗೆ ತಂತಿ ತೊಡರಿತೋ, ಆ ಶಾಟ್ ಕೈಬಿಟ್ಟಂತೆಯೇ. ತಂತಿ ಬೇಡ ಎಂಬ ಹಟದಿಂದ ಬೆಳೆದದ್ದು ಫ್ರಾನ್ಸಿನ ಗ್ರೆನೋಬಲ್ ಊರಿನ ಪುಟ್ಟ ಕಂಪನಿ ಆಟಾನ್.

ಅದನ್ನು ಕಟ್ಟಿದವರು ಝಾನ್-ಪಿಯರ್ ಬೊವಿಯಾಲಾ. ಗ್ರೆನೋಬಲ್ ವಿಶ್ವವಿದ್ಯಾಲಯದಲ್ಲಿ ಎಲೆಕ್ಟ್ರಾನಿಕ್ಸ್ ಕಲಿಸುತ್ತಿದ್ದವರು. ತಂತಿಯ ಬದಲು ಅವರು ಹಿಡಿದದ್ದು ಕ್ವಾರ್ಟ್ಜ್ ಹರಳನ್ನು: ಒಂದೇ ಲಯದಲ್ಲಿ ಕಂಪಿಸುತ್ತಾ ಮೋಟಾರಿನ ವೇಗ ತಪ್ಪದಂತೆ ಕಾಯುವ ಹರಳು. ಇಲ್ಲಿ ಸ್ವಲ್ಪ ಲೆಕ್ಕ ಹಾಕೋಣ. ಫಿಲ್ಮಿನಲ್ಲಿ ಸೆಕೆಂಡಿಗೆ 24 ಚೌಕಟ್ಟು, ಅಂದರೆ 24 ಬಿಡಿ ಚಿತ್ರ. ಹತ್ತು ನಿಮಿಷಕ್ಕೆ 14,400. ಮೋಟಾರು ನೂರಕ್ಕೆ ಒಂದು ಪಾಲು ನಿಧಾನವಾದರೂ ಸಾಕು, ಹತ್ತು ನಿಮಿಷದಲ್ಲಿ 144 ಚೌಕಟ್ಟು, ಅಂದರೆ ಆರು ಸೆಕೆಂಡು ಹಿಂದೆ ಬೀಳುತ್ತದೆ. ಎರಡು ಮೂರು ಚೌಕಟ್ಟು ತಪ್ಪಿದರೂ ಕಣ್ಣು ಗುರುತಿಸುತ್ತದೆ. ಕ್ವಾರ್ಟ್ಜ್ ತಪ್ಪುವುದು ಹತ್ತು ಲಕ್ಷದಲ್ಲಿ ಕೆಲವೇ ಪಾಲು. ಕ್ಯಾಮೆರಾದಲ್ಲೊಂದು ಹರಳು, ರೆಕಾರ್ಡರ್‌ನಲ್ಲೊಂದು ಹರಳು: ಎರಡೂ ತಮ್ಮಷ್ಟಕ್ಕೇ ನಡೆದು ಹತ್ತು ನಿಮಿಷದ ಕೊನೆಗೆ ಒಂದು ಚೌಕಟ್ಟಿನಷ್ಟೂ ಅಗಲುವುದಿಲ್ಲ. ತಂತಿ ಬೇಡ!

ಈ ಮೋಟಾರನ್ನು ಅವರು ಮೊದಲು ಕೊಟ್ಟದ್ದು ಎಕ್ಲೇರ್ ಎಂಬ ಹಳೆಯ ಕ್ಯಾಮೆರಾ ಕಂಪನಿಗೆ. ಅದು ಇಂಗ್ಲೆಂಡಿನತ್ತ ಹೊರಟಾಗ, 1971ರಲ್ಲಿ, ಅಲ್ಲಿದ್ದ ಕೆಲವರನ್ನು ಕೂಡಿಕೊಂಡು ತಮ್ಮದೇ ಕಾರ್ಖಾನೆ ತೆರೆದರು. ಮಾಡಿದ್ದು 16 ಮಿ.ಮೀ. ಅಗಲದ ಫಿಲ್ಮಿನ ಕ್ಯಾಮೆರಾ. ಫಿಲ್ಮು ತುಂಬುವ ಡಬ್ಬಿ, ಅಂದರೆ ಮ್ಯಾಗಜಿನ್, ಹಿಂಬದಿಗೆ ಹೋಯಿತು, ಅದರ ಹೊಟ್ಟೆ ಹೆಗಲ ಮೇಲೆ ಕೂತಿತು. 'ಹೆಗಲ ಮೇಲಿನ ಬೆಕ್ಕು' ಎಂದೇ ಅದನ್ನು ಕರೆದರು. ಮೂತಿ ಮುಂದಕ್ಕೆ ಜಗ್ಗುವುದಿಲ್ಲ, ಆದ್ದರಿಂದ ಮಣಿಕಟ್ಟಿಗೆ ನೋವಿಲ್ಲ. 400 ಅಡಿ ಫಿಲ್ಮು ಹನ್ನೊಂದು ನಿಮಿಷಕ್ಕೆ ಮುಗಿಯುತ್ತದೆ; ತುಂಬಿಟ್ಟ ಇನ್ನೊಂದು ಮ್ಯಾಗಜಿನ್ ಒತ್ತಿ ಕೂರಿಸಿದರೆ ಮತ್ತೆ ಸಿದ್ಧ. ಆದರೆ ತುಂಬುವಾಗ ಫಿಲ್ಮಿನ ಕುಣಿಕೆಯ, ಅಂದರೆ ಸಡಿಲ ಬಿಟ್ಟ ಬಾಗಿನ, ಬಗ್ಗೆ ಎಚ್ಚರ: ಚಿಕ್ಕದಾದರೆ ಚಿತ್ರ ನಡುಗುತ್ತದೆ, ದೊಡ್ಡದಾದರೆ ಒಳಗೋಡೆಗೆ ಉಜ್ಜಿ ಗೀರು ಬೀಳುತ್ತದೆ, ಸದ್ದೂ ಬರುತ್ತದೆ. ಅವಸರದಲ್ಲಿ ಇದನ್ನೇ ಮರೆಯುತ್ತಾರೆ.

ತಂತಿ ಹೋಯಿತು, ಚಿತ್ರಕ್ಕೂ ದನಿಗೂ ಒಂದೇ ಗುರುತು ಸಿಗಲೆಂದು ಬಡಿಯುವ ಕ್ಲಾಪ್ ಹಲಗೆ ಉಳಿಯಿತು. ಅದನ್ನೂ ಬಿಡಿಸಲು ಫಿಲ್ಮಿನ ಅಂಚಿನಲ್ಲೇ, ತೂತುಗಳ ನಡುವೆ, ಪುಟ್ಟ ದೀಪಗಳಿಂದ ಗಂಟೆ-ನಿಮಿಷ ಅಚ್ಚಾಗುವಂತೆ ಮಾಡಿದರು. ರೆಕಾರ್ಡರ್‌ನಲ್ಲೂ ಅದೇ ಸಮಯ ದಾಖಲಾಗುತ್ತದೆ. ಎಡಿಟಿಂಗ್ ಮೇಜಿನಲ್ಲಿ ಎರಡನ್ನೂ ಜೋಡಿಸಿದರಾಯಿತು.

ಸಮಯ ಮುಗಿಯುತ್ತಾ ಬಂತು. ಕಾರಿನ ಮುಂಭಾಗದ ಪುಟ್ಟ ಗ್ಲವ್ ಬಾಕ್ಸಿನಲ್ಲಿ ಹಿಡಿಸುವ 35 ಮಿ.ಮೀ. ಕ್ಯಾಮೆರಾ ಬೇಕೆಂದು ಸಿನಿಮಾ ನಿರ್ದೇಶಕ ಗೊದಾರ್ ಬೊವಿಯಾಲಾರನ್ನು ಕೇಳಿದ್ದರು. ಆ ಕಥೆ ಇನ್ನೊಮ್ಮೆ. 2008ರಲ್ಲಿ ಪೆನೆಲೋಪ್ ಎಂಬ 35 ಮಿ.ಮೀ. ಕ್ಯಾಮೆರಾ ಬಂತು. ಅಷ್ಟರಲ್ಲಿ ಫಿಲ್ಮಿನ ಕಾಲವೇ ಸರಿಯುತ್ತಿತ್ತು. 2013ರಲ್ಲಿ ಕಂಪನಿ ಕೈಬದಲಾಯಿತು. ಬೊವಿಯಾಲಾ 2019ರಲ್ಲಿ ತೀರಿಕೊಂಡರು. ನಮಸ್ಕಾರ.