ಹೆಸರು ಮುಚ್ಚಿಟ್ಟು ಬರೆದವರು ಸಿಕ್ಕಿಬೀಳುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ರಾಯಚೂರಿನ ಈ ಬಿಸಿಲಲ್ಲೂ ಇಷ್ಟು ಜನ ಬಂದಿದ್ದೀರಿ ಅಂದ್ರೆ ಅರ್ಧ ಜನಕ್ಕೆ ಫೇಕ್ ಅಕೌಂಟಿನ ಕಾಟ ಇರಬೇಕು, ಇನ್ನರ್ಧ ಜನರ ಹತ್ತಿರ ಫೇಕ್ ಅಕೌಂಟೇ ಇರಬೇಕು! ತಮಾಷೆಗೆ ಅಂದೆ.

ಗಂಜ್‌ನ ಒಬ್ಬ ಹತ್ತಿ ವ್ಯಾಪಾರಿಗೆ ಇನ್‌ಸ್ಟಾಗ್ರಾಂನಲ್ಲಿ 'ದುಡ್ಡು ಕೊಡು, ಇಲ್ಲಾಂದ್ರ ನೋಡ್ಕೊ' ಅಂತ ಮೆಸೇಜ್ ಬಂತು ಅನ್ನಿ. ಅವರು ಸೈಬರ್ ಅಪರಾಧ ನೋಡೋ ಸೆನ್ ಠಾಣೆಗೆ ಹೋಗ್ತಾರೆ. ಪೊಲೀಸರು ಆ ಕಂಪನಿಗೆ ನೋಟಿಸ್ ಕೊಟ್ಟು ಖಾತೆಯ ಫೋನ್ ನಂಬರ್, ಇಮೇಲ್, ಲಾಗಿನ್ ಆದ ಐಪಿ ವಿಳಾಸ (ಇಂಟರ್ನೆಟ್ ಕನೆಕ್ಷನ್‌ಗೆ ಸಿಗೋ ನಂಬರ್), ಸಮಯ ಎಲ್ಲ ಕೇಳ್ತಾರೆ. ಐಪಿ ಯಾವ ಇಂಟರ್ನೆಟ್ ಕಂಪನಿಯದ್ದು ಅಂತ ಯಾರು ಬೇಕಾದರೂ ನೋಡಬಹುದು. ಆದರೆ ಆ ಹೊತ್ತಿನಲ್ಲಿ ಅದು ಯಾವ ಗ್ರಾಹಕರಿಗೆ ಹೋಗಿತ್ತು ಅನ್ನೋದು ಆ ಇಂಟರ್ನೆಟ್ ಕಂಪನಿಯ ದಾಖಲೆಯಲ್ಲಿ ಮಾತ್ರ ಇರುತ್ತೆ.

ಇಲ್ಲೇ ತೊಡಕು. ಮೊಬೈಲ್ ನೆಟ್‌ನಲ್ಲಿ ಒಂದೇ ಐಪಿಯನ್ನು ಒಂದೇ ಹೊತ್ತಿಗೆ ಎಷ್ಟೋ ಜನ ಹಂಚಿಕೊಂಡಿರ್ತಾರೆ, ಹಾಗಾಗಿ ಪೋರ್ಟ್ ನಂಬರ್ (ಒಂದೇ ಐಪಿಯೊಳಗೆ ಒಂದೊಂದು ಸಂಪರ್ಕ ಗುರುತಿಸೋ ಸಂಖ್ಯೆ) ಮತ್ತು ಸೆಕೆಂಡ್ ಸಮೇತ ಸಮಯ ಇಲ್ಲದಿದ್ದರೆ ಯಾರು ಅಂತ ಹೇಳೋದು ಕಷ್ಟ. ವಿದೇಶಿ ಕಂಪನಿಗಳು ಎಷ್ಟೋ ಸಲ ಯುಟಿಸಿ, ಅಂದ್ರೆ ಜಾಗತಿಕ ಸಮಯ ಕೊಡ್ತವೆ, ನಮ್ಮ ಗಡಿಯಾರ ಅದಕ್ಕಿಂತ ಐದೂವರೆ ಗಂಟೆ ಮುಂದೆ. ಅದನ್ನು ಕೂಡಿಸೋದು ಮರೆತರೆ ಬೇರೆ ಯಾರದೋ ಮನೆ ಬಾಗಿಲು ಬಡಿದ ಹಾಗೆ.

ಆಗಲ್ಲ ಅನ್ಕೋಬೇಡಿ. 2007ರಲ್ಲಿ ಸೋಷಿಯಲ್ ಮೀಡಿಯಾ ತಾಣ ಆರ್ಕುಟ್‌ನಲ್ಲಿ ಶಿವಾಜಿ ಮಹಾರಾಜರ ಬಗ್ಗೆ ಅವಹೇಳನಕಾರಿ ಪೋಸ್ಟ್ ಬಂದಾಗ, ಪುಣೆ ಪೊಲೀಸರು ಬೆಂಗಳೂರಿನ ಒಬ್ಬ ಸಾಫ್ಟ್‌ವೇರ್ ಉದ್ಯೋಗಿಯನ್ನು ಹಿಡಿದುಕೊಂಡು ಹೋದರು. ಇಂಟರ್ನೆಟ್ ಕಂಪನಿ ಕೊಟ್ಟ ವಿವರವೇ ತಪ್ಪಾಗಿತ್ತು. ಅವರದಲ್ಲದ ಐಪಿಗೆ ಅವರು 50 ದಿನ ಜೈಲಲ್ಲಿದ್ದರು. ಐಪಿ ಹೆಚ್ಚೆಂದರೆ ಒಂದು ಕನೆಕ್ಷನ್ ತೋರಿಸುತ್ತೆ. ಆ ವೈಫೈಗೆ ಮನೆಯ ಹುಡುಗರು, ಬಾಡಿಗೆಯವರು, ಪಕ್ಕದ ಅಂಗಡಿಯವರು ಯಾರು ಬೇಕಾದರೂ ಇರಬಹುದು, ಅಲ್ವಾ? ಅದಕ್ಕೇ ಫೋನ್ ವಶಕ್ಕೆ ತಗೊಂಡು ಫೊರೆನ್ಸಿಕ್ ಲ್ಯಾಬ್‌ಗೆ ಕಳಿಸೋದು.

ನಿಜವಾದ ಐಪಿ ಮುಚ್ಚಿಡೋ ಸೇವೆ, ಅಂದ್ರೆ ವಿಪಿಎನ್ ಹಾಕಿದರೆ? ಕೆಲಸ ಕಷ್ಟ ಆಗುತ್ತೆ, ನಿಜ. ಭಾರತದಲ್ಲಿ ಸೇವೆ ಕೊಡೋ ವಿಪಿಎನ್ ಕಂಪನಿಗಳು ಗ್ರಾಹಕರ ವಿವರ 5 ವರ್ಷ ಇಡಬೇಕು ಅಂತ ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರಲ್ಲಿ ಆದೇಶ ಮಾಡಿದ್ದಕ್ಕೆ, ಕೆಲವು ಕಂಪನಿಗಳು ಇಲ್ಲಿದ್ದ ಸರ್ವರ್‌ಗಳನ್ನೇ ತೆಗೆದುಬಿಟ್ಟವು.

ಆದರೆ ವಿಪಿಎನ್ ನಿಮ್ಮ ಮಾತಿನ ಧಾಟಿ ಮುಚ್ಚಲ್ಲ. ಅಮೆರಿಕದಲ್ಲಿ 1978ರಿಂದ ಬಾಂಬ್ ಕಳಿಸ್ತಿದ್ದವನ ಹೆಸರಿಲ್ಲದ ಉದ್ದನೆಯ ಬರಹ 1995ರಲ್ಲಿ ಪತ್ರಿಕೆಯಲ್ಲಿ ಬಂತು. ಅದನ್ನು ಓದಿ ಅವನ ಸ್ವಂತ ತಮ್ಮನಿಗೇ ಅನುಮಾನ ಬಂತು. ಮರುವರ್ಷ ಸಿಕ್ಕಿಬಿದ್ದ. ನಮ್ಮಲ್ಲೂ 'ಏನ್ ಮಾಡಾಕತ್ತಿ' ಅಂತ ಬರೆಯೋನು ಎಷ್ಟೇ ಬೆಂಗಳೂರಿನವನ ಹಾಗೆ ನಟಿಸಿದರೂ ಸಿಟ್ಟು ಬಂದಾಗ 'ಲೇ' ಅಂತಾನೆ. ಇದು ಸುಳಿವು ಅಷ್ಟೇ, ಸಾಕ್ಷಿ ಅಲ್ಲ. ಲಿಂಗಸೂಗೂರು, ಸಿಂಧನೂರಲ್ಲಿ ಹಾಗೆ ಮಾತಾಡೋರು ಲಕ್ಷಗಟ್ಟಲೆ ಇದ್ದಾರೆ.

ಕಾಟ ಕೊಡೋ ಮೆಸೇಜ್ ಬಂದರೆ ಸಿಟ್ಟಲ್ಲಿ ಡಿಲೀಟ್ ಮಾಡಬೇಡಿ. ಸ್ಕ್ರೀನ್‌ಶಾಟ್ ಜೊತೆ ಪ್ರೊಫೈಲ್ ಲಿಂಕ್ ಮತ್ತು ಸಮಯ ಬರೆದಿಡಿ. ಸರ್ಟ್-ಇನ್‌ನ ಅದೇ ಆದೇಶದಲ್ಲಿ ಲಾಗ್‌ಗಳನ್ನು (ಯಾರು ಯಾವಾಗ ಬಳಸಿದರು ಅನ್ನೋ ದಾಖಲೆ) 180 ದಿನ ಇಡಬೇಕು ಅಂತಷ್ಟೇ ಇದೆ, ಆಮೇಲೆ ಅಳಿಸಿಹೋಗಿದ್ದರೆ ಪೊಲೀಸರಿಗೂ ದಾರಿ ಸಿಗಲ್ಲ. 'ಬರೆದೋನು ಅವನೇ ಇರಬೇಕು' ಅಂತ ಊರ ಗ್ರೂಪಿನಲ್ಲಿ ಮಾತ್ರ ಹಾಕಬೇಡಿ, ಕೇಸ್ ನಿಮ್ಮ ಮೇಲೇ ತಿರುಗಬಹುದು. ಈಗ ಪ್ರಶ್ನೆ ಕೇಳಿ. ಹಿಂದೆ ಕೂತವರಿಂದಲೇ ಶುರು ಮಾಡೋಣ.