ಒಂದೇ ಒಂದು ಸೆಕೆಂಡಿಗೆ 15 ವರ್ಷ: ಗೋಲ್ಡನ್‌ಐ ಸ್ಪೀಡ್‌ರನ್

[ಪರದೆ: ಡ್ಯಾಮ್ ಮಿಷನ್. ಕ್ಯಾಮೆರಾ ಪೂರ್ತಿ ನೆಲದ ಕಡೆಗೆ.]

ಈ ಓಟವನ್ನ ಸರಿಯಾಗಿ ನೋಡಿ. ಸುತ್ತ ಶತ್ರುಗಳಿದ್ದಾರೆ, ಕೈಯಲ್ಲಿ ಗನ್ ಇದೆ. ಆದ್ರೂ ಜೇಮ್ಸ್ ಬಾಂಡ್ ತಲೆ ತಗ್ಗಿಸಿಕೊಂಡು, ಏಡಿ ಥರ ಓರೆಯಾಗಿ ಓಡ್ತಿದ್ದಾನೆ. ಆಡೋಕೆ ಬರದವರ ಆಟ ಅಲ್ಲ ಇದು. ಇದು ಸ್ಪೀಡ್‌ರನ್, ಅಂದರೆ ಗೇಮನ್ನ ಆದಷ್ಟು ಬೇಗ ಮುಗಿಸೋ ಪೈಪೋಟಿ. ಜಗತ್ತಿನ ಅತಿ ವೇಗದ ಆಟಗಾರರು ಓಡೋದೇ ಹೀಗೆ.

ಗೇಮ್ ಹೆಸರು ಗೋಲ್ಡನ್‌ಐ 007. ಇಂಗ್ಲೆಂಡಿನ ರೇರ್ ಕಂಪನಿ 1997ರಲ್ಲಿ ನಿಂಟೆಂಡೊ 64 ಅನ್ನೋ ಗೇಮ್ ಕನ್ಸೋಲ್‌ಗೆ ಮಾಡಿದ್ದು. 20 ಮಿಷನ್‌ಗಳು. ಒಂದೊಂದು ಮುಗಿದಾಗಲೂ ಎಷ್ಟು ಹೊತ್ತು ಹಿಡೀತು ಅಂತ ಗೇಮೇ ತೋರಿಸುತ್ತೆ, ಬೆಸ್ಟ್ ಟೈಮ್ ಉಳಿಸಿಡುತ್ತೆ. ಬೇಗ ಮುಗಿಸಿದರೆ ಬಹುಮಾನವೂ ಇದೆ: ಫೆಸಿಲಿಟಿ ಮಿಷನ್ನನ್ನ 00 ಏಜೆಂಟ್ ಅನ್ನೋ ಕಷ್ಟದ ಹಂತದಲ್ಲಿ 2 ನಿಮಿಷ 5 ಸೆಕೆಂಡಿನೊಳಗೆ ಮುಗಿಸಿದವರಿಗೆ, ಎಷ್ಟು ಗುಂಡು ಬಿದ್ದರೂ ಸಾಯದ ಚೀಟ್ ಸಿಗುತ್ತೆ. ಆದರೆ ಅಲ್ಲಿ ಡಾಕ್ಟರ್ ಡೋಕ್ ಅನ್ನೋ ವಿಜ್ಞಾನಿಯನ್ನ ಹುಡುಕಲೇಬೇಕು. ಗೇಮ್ ಮಾಡಿದವರಲ್ಲಿ ಒಬ್ಬರಾದ ಡೇವಿಡ್ ಡೋಕ್ ಅವರ ಹೆಸರೇ ಅದು. ಈ ಡಾಕ್ಟರ್ ಪ್ರತಿ ಸಲ ಒಂದೇ ಜಾಗದಲ್ಲಿ ನಿಲ್ಲಲ್ಲ. ನೀವು ಎಷ್ಟೇ ಚೆನ್ನಾಗಿ ಓಡಿ ಬಂದಿರಿ, ಅವನು ದೂರದ ಮೂಲೆಯಲ್ಲಿದ್ದರೆ ಮತ್ತೆ ಮೊದಲಿಂದ.

ಸರಿ, ನೆಲ ಯಾಕೆ ನೋಡಬೇಕು?

[ಪರದೆ: ಕಂಟ್ರೋಲರ್. ಎಡ ಹೆಬ್ಬೆರಳು ಸ್ಟಿಕ್ ಮೇಲೆ, ಬಲ ಹೆಬ್ಬೆರಳು ಹಳದಿ ಸಿ ಬಟನ್‌ಗಳ ಮೇಲೆ.]

ಕಣ್ಣೆದುರು ಕಟ್ಟಡ, ಗಾರ್ಡ್, ಹೊಗೆ ಎಲ್ಲ ಬಂದರೆ ಅಷ್ಟನ್ನೂ ಚಿತ್ರಿಸೋಕೆ ಆ ಹಳೇ ಕನ್ಸೋಲ್ ಒದ್ದಾಡುತ್ತೆ, ಆಟ ಎಳೆದಾಡುತ್ತೆ. ನೆಲ ನೋಡಿದರೆ ಅದರ ಕೆಲಸ ಕಡಿಮೆ, ಲ್ಯಾಗ್ ಕಡಿಮೆ. ಇನ್ನು ಓರೆ ಓಟ: ಸ್ಟಿಕ್ಕನ್ನ ಮುಂದಕ್ಕೆ ತಳ್ಳಿಕೊಂಡೇ ಪಕ್ಕದ ಸಿ ಬಟನ್ ಒತ್ತಿ ಹಿಡಿದರೆ ಎರಡೂ ವೇಗ ಕೂಡಿಕೊಳ್ಳುತ್ತೆ. ನೇರ ಓಡೋದಕ್ಕಿಂತ ಅದೇ ಜೋರು. ಹಾಗಾಗಿ ಇವರು ದಾರಿ ನೋಡದೆ ಓಡ್ತಾರೆ. ಗೋಡೆ, ಬಾಗಿಲು, ತಿರುವು ಎಲ್ಲ ಬೆರಳಿಗೇ ಬಾಯಿಪಾಠ. ನನಗೆ ಇದರಲ್ಲಿ ಅತಿ ಸುಂದರವಾಗಿ ಕಾಣೋದು ಇದೇ.

ಈಗ ಡ್ಯಾಮ್. ಏಜೆಂಟ್ ಅನ್ನೋ ಸುಲಭದ ಹಂತದಲ್ಲಿ ಕೆಲಸ ಒಂದೇ, ಅಣೆಕಟ್ಟಿನ ತುದಿಗೆ ಓಡಿ ಹಗ್ಗ ಕಟ್ಟಿಕೊಂಡು ಹಾರೋದು. 2002ರಲ್ಲಿ ದಾಖಲೆ 53 ಸೆಕೆಂಡಿಗೆ ಬಂತು. ಯೂಟ್ಯೂಬ್ ಇನ್ನೂ ಹುಟ್ಟಿರದ ಕಾಲ, ಓಟಕ್ಕೆ ಸಾಕ್ಷಿ ಬೇಕಂದರೆ ಟಿವಿಗೆ ವಿಸಿಆರ್ ಜೋಡಿಸಿ ಟೇಪ್ ಮಾಡಬೇಕಿತ್ತು. ಆಮೇಲೆ ಎಷ್ಟೋ ಜನ 53 ಮುಟ್ಟಿದರು. 52 ಮಾತ್ರ ಯಾರಿಗೂ ದಕ್ಕಲಿಲ್ಲ.

ಒಂದು ಸೆಕೆಂಡು ಅಷ್ಟು ದೊಡ್ಡದಾ? ಇಲ್ಲಿ ಹೌದು. ಗೇಮ್ ತೋರಿಸೋದು ಪೂರ್ತಿ ಸೆಕೆಂಡು ಮಾತ್ರ, ಉಳಿದ ಚಿಲ್ಲರೆ ಬಿಟ್ಟುಬಿಡುತ್ತೆ. 53.9 ಇರಲಿ, 53.0 ಇರಲಿ, ಪರದೆ ಮೇಲೆ 53. ಕೂದಲೆಳೆಯಲ್ಲಿ 52 ತಪ್ಪಿಹೋದವನಿಗೂ ಅಷ್ಟೇ, ಸುಮಾರಾಗಿ ಓಡಿದವನಿಗೂ ಅಷ್ಟೇ.

2017ರ ಡಿಸೆಂಬರ್‌ನಲ್ಲಿ ಆಸ್ಟ್ರೇಲಿಯಾದ ಕಾರ್ಲ್ ಜಾಬ್ಸ್ಟ್ ಅಣೆಕಟ್ಟಿನಿಂದ ಹಾರಿದರು. ಈಗ ಆ ಸಂಖ್ಯೆ ನೋಡಿ.

[ಪರದೆ: 00:52. ಮೂರು ಸೆಕೆಂಡು ಮೌನ.]